ಬೇಲ: ನಮ್ಮ ಬಯಲಿನ ಮರೆತ ಫಲ, ಅದನ್ನು ಬೆಳೆಸುವ ಮತ್ತು ಬಳಸುವ ಬಗೆ

ಕೆಲವು ತಿಂಗಳುಗಳ ಹಿಂದೆ ಪ್ರೌಢಶಾಲೆಯ ಒಂದು ತರಗತಿಗೆ ಸಸ್ಯಕುಟುಂಬಗಳ ಪಾಠವನ್ನು ಹೇಳುವಾಗ, ಚೀಲದಲ್ಲಿ ತಂದಿದ್ದ ಒಂದು ಹಣ್ಣನ್ನು ಮೇಜಿನ ಮೇಲಿಟ್ಟು, ಇದೇನೆಂದು ಹೇಳಬಲ್ಲಿರಾ ಎಂದು ವಿದ್ಯಾರ್ಥಿಗಳನ್ನು ಕೇಳಿದೆನು. ಬೂದುಬಣ್ಣದ, ಒರಟು ಸಿಪ್ಪೆಯ, ಅಂಗೈ ತುಂಬುವಷ್ಟು ದೊಡ್ಡದಾದ ಆ ಗುಂಡನೆಯ ವಸ್ತುವನ್ನು ಕಂಡು ಒಬ್ಬ ಬಾಲಕನು ಹಳೆಯ ಚೆಂಡೆಂದನು. ಇನ್ನೊಬ್ಬನು ಬಿಲ್ವದ ಕಾಯಿ ಎಂದನು. ತರಗತಿಯ ನಲವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಅದು ಬೇಲದ ಹಣ್ಣೆಂದು ಗುರುತಿಸಿದವರು ಮೂವರು ಮಾತ್ರ. ಆ ಮೂವರಲ್ಲಿಯೂ ಅದನ್ನು ತಿಂದು ಬಲ್ಲವಳು ಒಬ್ಬಳೇ. ಅವಳ ಅಜ್ಜಿಯ ಊರಿನಲ್ಲಿ ಇನ್ನೂ ಒಂದು ಮರವಿದೆಯಂತೆ.

ಈ ಮಕ್ಕಳೆಲ್ಲರೂ ಬದನಗುಪ್ಪೆ ಮತ್ತು ಅದರ ಸುತ್ತಮುತ್ತಲ ಗ್ರಾಮಗಳವರು. ಇವರ ತಾತಂದಿರ ಹೊಲಗಳ ಬದುಗಳಲ್ಲಿ ಬೇಲದ ಮರವು ಅಪರೂಪದ ವಸ್ತುವಾಗಿರಲಿಲ್ಲ. ಎರಡು ತಲೆಮಾರುಗಳೊಳಗೆ ಒಂದು ಹಣ್ಣು ಊರಿನ ನಾಲಗೆಯಿಂದ ಮರೆಯಾಗಿ ಹೋಗುವುದೆಂದರೆ ಅದು ವಿಚಾರಿಸಬೇಕಾದ ಸಂಗತಿಯೇ ಸರಿ. ಬರವು ಬೇಲವನ್ನು ಕೊಲ್ಲಲಿಲ್ಲ; ರೋಗವೂ ಕೊಲ್ಲಲಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಅದು ಮೊದಲು ನಮ್ಮ ಅಡಿಗೆಮನೆಯಿಂದ ಹೊರಬಿದ್ದಿತು. ಆ ಬಳಿಕವೇ ಹೊಲದ ಬದುವಿನಿಂದ ಮರೆಯಾಯಿತು. ಉಣ್ಣದ ಹಣ್ಣಿನ ಮರವನ್ನು ಯಾರು ತಾನೆ ಉಳಿಸಿಕೊಂಡಾರು? ಆದುದರಿಂದಲೇ ಈ ಲೇಖನದಲ್ಲಿ ಬೇಲವನ್ನು ಬೆಳೆಸುವ ವಿಧಾನದೊಡನೆ ಅದನ್ನು ಬಳಸುವ ವಿಧಾನವನ್ನೂ ಸಮಾನ ಗೌರವದಿಂದ ವಿವರಿಸಲಾಗಿದೆ. ಅಧ್ಯಾಪಕರಿಗೆ ಇದು ಪಾಠಕ್ಕೆ ಒದಗಲಿ, ಹಳೆಯ ವಿದ್ಯಾರ್ಥಿ ಬಂಧುಗಳಿಗೆ ನೆನಪಿಗೆ ಒದಗಲಿ, ದಾನಿಗಳಿಗೆ ಒಂದು ಸಣ್ಣ ಸತ್ಕಾರ್ಯಕ್ಕೆ ಪ್ರೇರಣೆಯಾಗಲಿ ಎಂಬುದು ನನ್ನ ಆಶಯ.

ಹೆಸರು ಮತ್ತು ಗುರುತು

ಬೇಲವು ನಿಂಬೆ, ಕಿತ್ತಳೆ, ಬಿಲ್ವಗಳ ಕುಟುಂಬಕ್ಕೆ ಸೇರಿದ ಮರ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲಿಮೋನಿಯಾ ಅಸಿಡಿಸ್ಸಿಮಾ ಎಂದು ಹೆಸರು. ಹಳೆಯ ಗ್ರಂಥಗಳನ್ನು ತೆರೆದು ನೋಡುವವರಿಗೆ ಫೆರೋನಿಯಾ ಎಲಿಫೆಂಟಮ್ ಎಂಬ ಹೆಸರು ಎದುರಾಗುತ್ತದೆ. ಆನೆಗೆ ಪ್ರಿಯವಾದ ಫಲವೆಂಬುದು ಆ ಹೆಸರಿನಲ್ಲಿಯೇ ಅಡಗಿದೆ. ಸಂಸ್ಕೃತದಲ್ಲಿ ಕಪಿತ್ಥ, ತಮಿಳಿನಲ್ಲಿ ವಿಳಾ, ತೆಲುಗಿನಲ್ಲಿ ವೆಲಗ, ಮರಾಠಿಯಲ್ಲಿ ಕವಠ, ಹಿಂದಿಯಲ್ಲಿ ಕೈಥ ಎನ್ನುವರು. ನಮ್ಮ ನಾಡಿನ ಉತ್ತರ ಭಾಗದಲ್ಲಿ ಬಳವಲ ಎಂಬ ರೂಪ ಬಳಕೆಯಲ್ಲಿದೆ.

ಹೆಸರಿನ ಗೊಂದಲವೊಂದನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಲೇಸು. ಹಿಂದಿಯವರು ಬೇಲ್ ಎಂದು ಕರೆಯುವುದು ನಮ್ಮ ಬಿಲ್ವವನ್ನು. ನಾವು ಬೇಲ ಎಂದು ಕರೆಯುವುದು ಅವರ ಕೈಥವನ್ನು. ಆಂಗ್ಲಭಾಷೆಯ ವುಡ್ ಆಪಲ್ ಎಂಬ ಪದವಂತೂ ಎರಡಕ್ಕೂ ಬಳಕೆಯಾಗುತ್ತದೆ. ಆದಕಾರಣ ಪುಸ್ತಕಗಳನ್ನು ಓದಿ ಪಾಠ ಹೇಳುವವರು ಎಚ್ಚರ ವಹಿಸಬೇಕು. ಮರದ ಬಳಿ ನಿಂತರೆ ಗೊಂದಲಕ್ಕೆ ಎಡೆಯಿಲ್ಲ. ಬಿಲ್ವದ ಎಲೆಯಲ್ಲಿ ಸಾಮಾನ್ಯವಾಗಿ ಮೂರು ದಳಗಳು. ಬೇಲದ ಎಲೆಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಕಿರುದಳಗಳು. ಬಿಲ್ವದ ಕಾಯಿಯ ಸಿಪ್ಪೆ ನುಣುಪು, ಹಣ್ಣಾದಾಗ ಹಳದಿಗೆ ತಿರುಗುವುದು, ತಿರುಳು ಅಂಟಂಟಾಗಿ ಹೊಂಬಣ್ಣದ್ದು. ಬೇಲದ ಸಿಪ್ಪೆ ಒರಟು, ಬೂದಿ ಬಳಿದಂತೆ ಬಿಳಿಬೂದು. ಹಣ್ಣಿನ ತಿರುಳು ಹುಣಸೆಹಣ್ಣಿನಂತೆ ಕಂದು, ಅದರ ತುಂಬ ಸಣ್ಣ ಸಣ್ಣ ಬೀಜಗಳು. ಬೇಲದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಸೋಂಪಿನ ಪರಿಮಳ ಬರುತ್ತದೆ. ಕೊಂಬೆಗಳ ಮೇಲೆ ನೇರವಾದ ಚೂಪು ಮುಳ್ಳುಗಳಿರುತ್ತವೆ.

ಪರಂಪರೆಯಲ್ಲಿ ಬೇಲ

ನಮ್ಮ ಮಕ್ಕಳು ಈ ಹಣ್ಣಿನ ಹೆಸರನ್ನು ಕೇಳಿಯೇ ಇಲ್ಲವೆಂದು ಹೇಳುವಂತಿಲ್ಲ. ಗಣಪತಿಯನ್ನು ಸ್ತುತಿಸುವ ಬಹು ಪ್ರಸಿದ್ಧವಾದ ಶ್ಲೋಕವೊಂದರಲ್ಲಿ ಅವನಿಗೆ ಪ್ರಿಯವಾದ ಫಲಗಳೆಂದು ಕಪಿತ್ಥ ಮತ್ತು ಜಂಬೂ, ಎಂದರೆ ಬೇಲ ಮತ್ತು ನೇರಳೆ, ಉಕ್ತವಾಗಿವೆ. ಪ್ರತಿದಿನ ಅದನ್ನು ಹೇಳುವ ಎಷ್ಟೋ ಮಂದಿಗೆ ಕಪಿತ್ಥವೆಂದರೆ ಬೇಲವೆಂಬುದು ತಿಳಿಯದು. ಭರತನಾಟ್ಯವನ್ನು ಕಲಿಯುವ ಬಾಲಿಕೆಯರು ಹೆಬ್ಬೆರಳಿನ ಮೇಲೆ ತೋರುಬೆರಳನ್ನು ಬಾಗಿಸಿ ಕಪಿತ್ಥಹಸ್ತವನ್ನು ಹಿಡಿಯುತ್ತಾರೆ. ತಾಳ ಹಿಡಿಯುವುದನ್ನೂ ಹಾಲು ಕರೆಯುವುದನ್ನೂ ಅದರಿಂದ ಅಭಿನಯಿಸುತ್ತಾರೆ. ಆಯುರ್ವೇದದಲ್ಲಿ ಕಪಿತ್ಥಾಷ್ಟಕ ಚೂರ್ಣವೆಂಬ ಔಷಧಿಯು ಉದರರೋಗಗಳಿಗೆ ಪ್ರಸಿದ್ಧವಾಗಿದೆ.

ಗಜಭುಕ್ತ ಕಪಿತ್ಥ ಎಂಬ ಲೌಕಿಕ ನ್ಯಾಯವೊಂದುಂಟು. ಆನೆಯು ನುಂಗಿದ ಬೇಲದ ಹಣ್ಣು ಚಿಪ್ಪು ಒಡೆಯದೆಯೇ ಲದ್ದಿಯೊಡನೆ ಹೊರಬೀಳುವುದಂತೆ. ನೋಡುವುದಕ್ಕೆ ಹಣ್ಣು ಇದ್ದಂತೆಯೇ ಇರುವುದು, ಒಳಗೆ ಮಾತ್ರ ತಿರುಳಿರದು. ಹೊರನೋಟಕ್ಕೆ ಇದ್ದು ಒಳಗೆ ಬರಿದಾದುದನ್ನು ಹೇಳಲು ಹಿಂದಿನವರು ಈ ಉಪಮಾನವನ್ನು ಬಳಸುತ್ತಿದ್ದರು. ಇಂದು ಈ ಮಾತು ನಮ್ಮ ತಿಳಿವಳಿಕೆಗೇ ಸಲ್ಲುವಂತಾಗಿದೆ. ಶ್ಲೋಕದಲ್ಲಿ ಬೇಲವಿದೆ, ನೃತ್ಯದಲ್ಲಿದೆ, ವೈದ್ಯದಲ್ಲಿದೆ; ಮನೆಯ ತಟ್ಟೆಯಲ್ಲಿ ಮಾತ್ರ ಇಲ್ಲ. ಚಿಪ್ಪು ಉಳಿದಿದೆ, ತಿರುಳು ಹೋಗಿದೆ.

ನಮ್ಮ ನೆಲಕ್ಕೆ ಒಗ್ಗಿದ ಮರ

ಬದನಗುಪ್ಪೆಯು ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ಊರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚಿತವಾದ ಚಾಮರಾಜನಗರ ಜಿಲ್ಲೆಗೆ ಇದು ಸೇರಿದೆ. ಈ ಬಯಲು ಪಶ್ಚಿಮಘಟ್ಟದ ಮಳೆಯ ಮರೆಯಲ್ಲಿ ಬಿದ್ದಿದೆ. ಮಲೆನಾಡಿನಲ್ಲಿ ಆಷಾಢದ ಮಳೆ ಸುರಿಯುವಾಗ ಇಲ್ಲಿ ಗಾಳಿಯೇ ಹೆಚ್ಚು. ನಮಗೆ ಮಳೆ ಬರುವುದು ಮುಖ್ಯವಾಗಿ ಮೇ ತಿಂಗಳಿನಲ್ಲಿ ಒಮ್ಮೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಮ್ಮೆ. ನಡುವಣ ಒಣಗಾಲವನ್ನು ಸಹಿಸಬಲ್ಲ ಮರವೇ ಇಲ್ಲಿನ ಮರ.

ಬೇಲಕ್ಕೆ ಇಂತಹ ಹವೆಯೇ ಹಿತ. ಮಳೆಗಾಲದ ಬಳಿಕ ಸ್ಪಷ್ಟವಾದ ಒಂದು ಒಣಗಾಲವಿರುವ ಪ್ರದೇಶದಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಹಗುರವಾದ ಕೆಂಪು ಮಣ್ಣು ಅದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ತಗ್ಗು ಮಾತ್ರ ಸಲ್ಲದು. ಮರವು ನಿಧಾನವಾಗಿ ಬೆಳೆದು ಮೂವತ್ತು ಅಡಿಯಷ್ಟು ಎತ್ತರವಾಗುತ್ತದೆ. ಅದರ ಕಾಂಡದಿಂದ ಒಸರುವ ಅಂಟು ಜಾಲಿಯ ಅಂಟಿನಂತೆ ಉಪಯುಕ್ತವಾದುದು. ಮರವು ಗಟ್ಟಿಯಾಗಿದ್ದು ಬೇಸಾಯದ ಉಪಕರಣಗಳಿಗೆ ಒದಗುತ್ತಿತ್ತು. ಚಿಪ್ಪನ್ನು ಒಣಗಿಸಿ ಚಿಕ್ಕ ಬಟ್ಟಲಾಗಿ, ನಸ್ಯದ ಡಬ್ಬಿಯಾಗಿ ಬಳಸುವುದಿತ್ತು.

ಇಂತಹ ಮರವು ಏಕೆ ಕಡಮೆಯಾಯಿತು? ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಹೊಲಗಳಲ್ಲಿ ಕೊಳವೆಬಾವಿಗಳು ಬಂದು ಅರಿಸಿನ, ಬಾಳೆ ಮೊದಲಾದ ಹಣದ ಬೆಳೆಗಳು ಹರಡಿದಾಗ ಬದುವಿನ ಮರದ ನೆರಳು ಭಾರವಾಗಿ ಕಂಡಿತು. ರಸ್ತೆಗಳು ಅಗಲವಾದುವು. ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿಯ ಭೂಮಿಯಲ್ಲಿ ಸಾವಿರ ಎಕರೆಗೂ ಮೀರಿದ ಕೈಗಾರಿಕಾ ಪ್ರದೇಶವು ರೂಪುಗೊಂಡಿತು. ಊರಿನ ತರುಣರಿಗೆ ಉದ್ಯೋಗ ಬೇಕು. ಅಭಿವೃದ್ಧಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮರ ಹೋದ ಕಡೆ ಇನ್ನೊಂದನ್ನು ನೆಡಬೇಕೆಂದು ಯಾರಿಗೂ ತೋರಲಿಲ್ಲವೆಂಬುದೇ ಖೇದದ ಸಂಗತಿ. ಮಾವನ್ನು ಕಡಿದವರು ಮಾವನ್ನು ನೆಟ್ಟರು, ತೆಂಗನ್ನು ಕಡಿದವರು ತೆಂಗನ್ನು ನೆಟ್ಟರು. ಬೇಲವನ್ನು ಕಡಿದವರು ಬೇಲವನ್ನು ನೆಡಲಿಲ್ಲ.

ನಾನು ಕಂಡ ಒಂದು ಮರ

ನಮ್ಮ ಹಿರಿಯರ ಹೊಲದ ಮೂಲೆಯಲ್ಲಿ ಒಂದು ಬೇಲದ ಮರವಿತ್ತು. ಅದರ ಹಣ್ಣು ಸುತ್ತಿನ ಮರಗಳ ಹಣ್ಣಿನಂತೆ ಹುಳಿಯಾಗಿರದೆ ಸಿಹಿಯಾಗಿತ್ತು. ಬೆಲ್ಲ ಬೆರೆಸದೆಯೇ ತಿನ್ನಬಹುದಾಗಿತ್ತು. ನನ್ನ ಅಜ್ಜಿಯು ಶ್ರೀರಾಮನವಮಿಗೆ ಮುಂಚೆ ಹಣ್ಣುಗಳನ್ನು ಮಣೆಯ ಕೆಳಗೆ ಸಾಲಾಗಿ ಇಟ್ಟು, ದಿನವೂ ಒಂದೊಂದನ್ನು ಮೂಸಿ ನೋಡಿ, "ಇನ್ನೂ ಎರಡು ದಿನ ಬೇಕು ಕಣಪ್ಪ, ಮುಟ್ಟಬೇಡ" ಎನ್ನುತ್ತಿದ್ದರು. ಮನೆಯೆಲ್ಲ ಅದರ ಕಂಪು ತುಂಬುತ್ತಿತ್ತು.

ಭಾಗವಾದಾಗ ಆ ಮೂಲೆಯು ಬೇರೆಯವರ ಪಾಲಿಗೆ ಹೋಯಿತು. ಕೆಲವು ವರ್ಷಗಳ ಬಳಿಕ ಮರವನ್ನು ಸೌದೆಗೆ ಕೊಟ್ಟರೆಂದು ತಿಳಿಯಿತು. ನಾನು ಆಗ ಹೆಚ್ಚು ದುಃಖಪಡಲಿಲ್ಲ. ಅದೇ ಮರದ ಬೀಜದಿಂದ ಎಬ್ಬಿಸಿದ ಎರಡು ಸಸಿಗಳು ನಮ್ಮ ಹಿತ್ತಲಿನಲ್ಲಿದ್ದುವು. ಅವು ಫಲ ಕೊಡುವುದಕ್ಕೆ ಹದಿನಾರು ವರ್ಷ ಹಿಡಿಯಿತು. ಹಣ್ಣು ಬಿದ್ದ ದಿನ ಒಡೆದು ಬಾಯಿಗಿಟ್ಟರೆ ಎರಡೂ ಹುಳಿ, ಒಗರು. ತಾಯಿಮರದ ಸಿಹಿಯು ಬೀಜದ ಮೂಲಕ ಬಂದಿರಲಿಲ್ಲ. ಸಸ್ಯಶಾಸ್ತ್ರವನ್ನು ಬೋಧಿಸುವವನಾಗಿದ್ದೂ ಈ ಸರಳ ಸತ್ಯವನ್ನು ಸಕಾಲದಲ್ಲಿ ನೆನೆಯಲಿಲ್ಲವಲ್ಲ ಎಂದು ಇಂದಿಗೂ ಪರಿತಪಿಸುತ್ತೇನೆ. ಕಡಿಯುವ ಮೊದಲು ಒಂದು ಕಡ್ಡಿಯನ್ನು ತಂದು ಕಸಿ ಕಟ್ಟಿದ್ದರೆ ಆ ಮರವು ಇಂದಿಗೂ ಬದುಕಿರುತ್ತಿತ್ತು. ಮುಂದೆ ಹೇಳಲಿರುವ ವಿಧಾನಗಳನ್ನು ಈ ತಪ್ಪಿನಿಂದ ಕಲಿತವನ ಮಾತೆಂದು ವಾಚಕರು ಸ್ವೀಕರಿಸಬೇಕು.

ಬೆಳೆಸುವ ಕ್ರಮ

ಬೀಜದಿಂದ ಸಸಿ ಎಬ್ಬಿಸುವುದು ಸುಲಭ. ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ನೀರಿನಲ್ಲಿ ಕಿವುಚಿ, ಬೀಜಗಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಮರಳು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರಗಳನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿದ ಚೀಲಗಳಲ್ಲಿ ಅರ್ಧ ಅಂಗುಲ ಆಳದಲ್ಲಿ ಬೀಜವನ್ನಿಟ್ಟು ಹದವಾಗಿ ನೀರು ಕೊಟ್ಟರೆ ಕೆಲವು ವಾರಗಳಲ್ಲಿ ಮೊಳೆಯುತ್ತದೆ. ಆದರೆ ಬೀಜದ ಸಸಿಗೆ ಎರಡು ಕೊರತೆಗಳಿವೆ. ಮೊದಲನೆಯದು, ಫಲಕ್ಕೆ ಸುಮಾರು ಹದಿನೈದು ವರ್ಷ ಕಾಯಬೇಕು. ಎರಡನೆಯದು, ತಾಯಿಯ ಗುಣವು ಮಗುವಿಗೆ ಬಂದೇ ಬರುವುದೆಂಬ ಭರವಸೆಯಿಲ್ಲ.

ಈ ಎರಡು ಕೊರತೆಗಳನ್ನೂ ನೀಗುವುದು ಕಸಿ. ಒಂದು ವರ್ಷದ ಬೇಲದ ಸಸಿಯನ್ನೇ ಬೇರುಗಿಡವನ್ನಾಗಿ ಇಟ್ಟುಕೊಂಡು, ಉತ್ತಮ ಹಣ್ಣಿನ ಮರದಿಂದ ಪೆನ್ಸಿಲಿನಷ್ಟು ದಪ್ಪದ ಕುಡಿಕಡ್ಡಿಯನ್ನು ತರಬೇಕು. ತರುವುದಕ್ಕೆ ವಾರದ ಮುಂಚೆ ಆ ಕಡ್ಡಿಯ ಎಲೆಗಳನ್ನು ಮರದ ಮೇಲೆಯೇ ಸವರಿ ಬಿಟ್ಟರೆ ಮೊಗ್ಗುಗಳು ಉಬ್ಬುತ್ತವೆ. ಬೇರುಗಿಡದ ಎಳೆಯ ಕಾಂಡವನ್ನು ಕತ್ತರಿಸಿ ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಅದರಲ್ಲಿ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಎರಡರ ತೊಗಟೆಗಳು ಒಂದು ಪಕ್ಕದಲ್ಲಾದರೂ ಸರಿಯಾಗಿ ಸೇರುವಂತೆ ನೋಡಿಕೊಳ್ಳುವುದೇ ಇದರ ಮರ್ಮ. ಮಾವಿನ ಕಸಿಯನ್ನು ಬಲ್ಲ ಯಾವ ತೋಟಗಾರನಾದರೂ ಇದನ್ನು ಮಾಡಬಲ್ಲನು. ಕಸಿಯ ಗಿಡವು ಬೀಜದ ಗಿಡಕ್ಕಿಂತ ಎಷ್ಟೋ ವರ್ಷ ಮುಂಚಿತವಾಗಿ ಫಲಕ್ಕೆ ಬರುವುದು. ಮರವೂ ತಗ್ಗಾಗಿ ಇರುವುದು. ಗುಜರಾತಿನ ಗೋಧ್ರಾದ ಬಳಿಯಿರುವ ಕೇಂದ್ರ ಸರ್ಕಾರದ ತೋಟಗಾರಿಕಾ ಪ್ರಯೋಗಕೇಂದ್ರದವರು ಥಾರ್ ಗೌರವ್ ಎಂಬ ಬೇಲದ ತಳಿಯನ್ನು ಆರಿಸಿ ಹೊರತಂದಿದ್ದಾರೆ. ಮಳೆಯಾಶ್ರಿತ ಭೂಮಿಗೆ ಬೇಲವೂ ಒಂದು ತೋಟದ ಬೆಳೆಯಾಗಬಲ್ಲುದೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ಜಿಲ್ಲೆಯವರು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಸಿಯ ವಿಷಯವಾಗಿ ವಿಚಾರಿಸಬಹುದು.

ನೆಡುವುದಕ್ಕೆ ಎರಡಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಮರದಿಂದ ಮರಕ್ಕೆ ಇಪ್ಪತ್ತೈದು ಅಡಿಗೆ ಕಡಮೆಯಿಲ್ಲದ ಅಂತರವಿರಲಿ. ಜೂನ್ ತಿಂಗಳಿನಲ್ಲಿ ಸಸಿ ನೆಡುವುದು ಸರ್ಕಾರಿ ಸಮಾರಂಭಗಳ ಪದ್ಧತಿ. ನಮ್ಮ ಮಳೆ ಬರುವುದು ಅನಂತರ. ನೀರು ಹೊತ್ತು ಹಾಕುವ ಅನುಕೂಲವಿಲ್ಲದವರು ಸೆಪ್ಟೆಂಬರ್ ಮಳೆಗೆ ನೆಲ ನೆನೆದ ಮೇಲೆ ನೆಡುವುದೇ ವಿವೇಕ. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೊಂದು ಕೊಡ ನೀರು, ಬುಡಕ್ಕೆ ಒಣಹುಲ್ಲಿನ ಹೊದಿಕೆ ಬೇಕು. ಆಡು ಕುರಿಗಳು ಎಳೆಯ ಚಿಗುರನ್ನು ಬಿಡವು. ಆದುದರಿಂದ ಮುಳ್ಳಿನ ಬೇಲಿ ಅಗತ್ಯ. ನಿಂಬೆಯ ಚಿಟ್ಟೆಯ ಹುಳುಗಳು ಎಲೆಯನ್ನು ತಿನ್ನುವುದುಂಟು. ಸಸಿಯು ಚಿಕ್ಕದಾಗಿದ್ದರೆ ಕೈಯಿಂದ ಆರಿಸಿ ತೆಗೆದರೆ ಸಾಕು. ದೊಡ್ಡ ಮರಕ್ಕೆ ಅದರಿಂದ ಹಾನಿಯಿಲ್ಲ, ಊರಿಗೆ ಚಿಟ್ಟೆಗಳ ಸೊಬಗು ಉಳಿಯುತ್ತದೆ.

ಕೊಯ್ಲು ಮತ್ತು ಹಣ್ಣು ಮಾಡುವಿಕೆ

ಬೇಲದ ಕಾಯಿ ಬಲಿತಿದೆಯೇ ಎಂಬುದು ಬಣ್ಣದಿಂದ ತಿಳಿಯದು. ಅದಕ್ಕೊಂದು ಪರೀಕ್ಷೆಯಿದೆ. ಕಾಯಿಯನ್ನು ಒಂದಡಿ ಎತ್ತರದಿಂದ ಗಟ್ಟಿನೆಲದ ಮೇಲೆ ಬಿಡಬೇಕು. ಎಳೆಯದಾದರೆ ಪುಟಿಯುತ್ತದೆ, ಬಲಿತುದಾದರೆ ಪುಟಿಯದೆ ನಿಲ್ಲುತ್ತದೆ. ತರಗತಿಯಲ್ಲಿ ಈ ಪ್ರಯೋಗವನ್ನು ಮಾಡಿ ತೋರಿಸಿದರೆ ಮಕ್ಕಳು ಮರೆಯಲಾರರು. ಬಲಿತ ಕಾಯಿಗಳನ್ನು ಸುಮಾರು ಎರಡು ವಾರ ಬಿಸಿಲಿನಲ್ಲಿಯೋ ಮನೆಯ ಬೆಚ್ಚನೆಯ ಮೂಲೆಯಲ್ಲಿಯೋ ಇಟ್ಟರೆ ಒಳಗೆ ಹಣ್ಣಾಗುತ್ತವೆ. ತೊಟ್ಟಿನ ಬಳಿ ಮೂಸಿದಾಗ ಗಾಢವಾದ ಕಂಪು ಬಂದರೆ, ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ತಿರುಳು ಚಿಪ್ಪನ್ನು ಬಿಟ್ಟು ಸದ್ದಾದರೆ, ಹಣ್ಣು ಸಿದ್ಧವಾಗಿದೆ ಎಂದರ್ಥ. ಸಣ್ಣ ರಂಧ್ರವಿರುವ ಹಣ್ಣಿನೊಳಗೆ ಹುಳುವಿರಬಹುದು, ಅದನ್ನು ಬಿಡಬೇಕು. ಚಿಪ್ಪು ಗಟ್ಟಿಯಾಗಿರುವ ಕಾರಣ ಉಳಿದವು ಬಹುದಿನ ಕೆಡದೆ ಉಳಿಯುತ್ತವೆ. ದೂರದ ಸಂತೆಗೆ ಗೋಣಿಚೀಲದಲ್ಲಿ ಹೋದರೂ ನಜ್ಜುಗುಜ್ಜಾಗದ ಹಣ್ಣು ಇದು.

ಅಡಿಗೆಮನೆಯಲ್ಲಿ ಬೇಲ

ಮೊದಲನೆಯದಾಗಿ ಪಾನಕ. ಶ್ರೀರಾಮನವಮಿಯ ಬಿಸಿಲಿಗೆ ಮೈಸೂರು ಸೀಮೆಯ ಮನೆಗಳಲ್ಲಿ ಇದನ್ನು ಮಾಡುವ ರೂಢಿ ಹಿಂದಿನಿಂದ ಬಂದಿದೆ. ಎರಡು ದೊಡ್ಡ ಹಣ್ಣುಗಳನ್ನು ಒಡೆದು ತಿರುಳನ್ನು ಚಮಚದಿಂದ ತೆಗೆದು, ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಯಿಸಿ, ಕೈಯಿಂದ ಚೆನ್ನಾಗಿ ಕಿವುಚಿ ಜರಡಿಯಲ್ಲಿ ಸೋಸಬೇಕು. ಒಂದು ಬಟ್ಟಲು ಪುಡಿಬೆಲ್ಲವನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ, ಕಸ ಹೋಗುವಂತೆ ಸೋಸಿ ಇದಕ್ಕೆ ಸೇರಿಸಬೇಕು. ಇನ್ನೂ ಮೂರು ಲೋಟ ತಣ್ಣೀರು, ಕುಟ್ಟಿದ ಏಲಕ್ಕಿ ನಾಲ್ಕು, ಕಾಳುಮೆಣಸಿನ ಪುಡಿ ಕಾಲು ಚಮಚ, ಶುಂಠಿ ಸ್ವಲ್ಪ, ಚಿಟಿಕೆ ಉಪ್ಪು ಬೆರೆಸಿದರೆ ಪಾನಕ ಸಿದ್ಧ. ಹಣ್ಣಿನ ಹುಳಿಯನ್ನು ನೋಡಿ ಬೆಲ್ಲವನ್ನು ಹೆಚ್ಚು ಕಡಮೆ ಮಾಡಿಕೊಳ್ಳಬೇಕು. ಮಣ್ಣಿನ ಮಡಕೆಯಲ್ಲಿಟ್ಟರೆ ಸೊಗಸು ಹೆಚ್ಚು.

ಎರಡನೆಯದು ಚಟ್ನಿ. ಇದಕ್ಕೆ ಬಲಿತ ಕಾಯಿಯೇ ಬೇಕು, ಹಣ್ಣು ಬೇಡ. ಒಂದು ಕಾಯಿಯ ತಿರುಳು, ಅರ್ಧ ಬಟ್ಟಲು ತೆಂಗಿನ ತುರಿ, ಹುರಿದ ಹಸಿಮೆಣಸಿನಕಾಯಿ ನಾಲ್ಕು, ಜೀರಿಗೆ, ಉಪ್ಪು, ಅಡಕೆ ಗಾತ್ರದ ಬೆಲ್ಲ, ಇವನ್ನು ಒರಳಿನಲ್ಲಿ ತರಿಯಾಗಿ ರುಬ್ಬಿ, ಸಾಸಿವೆ ಇಂಗು ಕರಿಬೇವಿನ ಒಗ್ಗರಣೆ ಹಾಕಬೇಕು. ಹುಣಸೆಹಣ್ಣು ಬೇಡ, ಬೇಲವೇ ಹುಳಿ. ರಾಗಿಮುದ್ದೆಗೂ ಜೋಳದ ರೊಟ್ಟಿಗೂ ಇದು ಒಪ್ಪುತ್ತದೆ.

ಮೂರನೆಯದು ಗೊಜ್ಜು. ಹಣ್ಣಿನ ತಿರುಳನ್ನು ಕಿವುಚಿ ಸೋಸಿದ ಗಟ್ಟಿರಸಕ್ಕೆ ಉಪ್ಪು, ಬೆಲ್ಲ, ಅರಿಸಿನ, ಸಾರಿನ ಪುಡಿ ಒಂದು ಚಮಚ ಸೇರಿಸಿ, ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಸಿಡಿಸಿದ ಬಾಣಲೆಗೆ ಸುರಿದು, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಕಡೆಯಲ್ಲಿ ಹುರಿದು ಪುಡಿಮಾಡಿದ ಎಳ್ಳನ್ನು ಉದುರಿಸಿದರೆ ರುಚಿಯ ಹದವೇ ಬೇರೆ. ಅನ್ನಕ್ಕೆ ಕಲಸಿ ಉಣ್ಣಬಹುದು. ಒಣಗಿದ ಜಾಡಿಯಲ್ಲಿ ಹಲವು ದಿನ ಇಡಬಹುದು.

ನಾಲ್ಕನೆಯದು ಜೆಲ್ಲಿ. ಬೇಲದ ತಿರುಳಿನಲ್ಲಿ ಪೆಕ್ಟಿನ್ ಎಂಬ ಹೆಪ್ಪುಗಟ್ಟಿಸುವ ದ್ರವ್ಯವು ಶೇಕಡ 3ರಿಂದ 5ರಷ್ಟಿದೆ, ಹುಳಿಯೂ ಸಾಕಷ್ಟಿದೆ. ಜೆಲ್ಲಿ ಹೆಪ್ಪುಗಟ್ಟಲು ಬೇಕಾದುವು ಇವೇ. ಹತ್ತು ಹಣ್ಣಿನ ತಿರುಳಿಗೆ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರೆರೆದು ಅರ್ಧ ಗಂಟೆ ಮೆಲ್ಲಗೆ ಕುದಿಸಿ, ತೆಳುಬಟ್ಟೆಯಲ್ಲಿ ತೂಗಹಾಕಿ ರಸವನ್ನು ತಾನಾಗಿ ತೊಟ್ಟಿಕ್ಕಲು ಬಿಡಬೇಕು; ಹಿಂಡಿದರೆ ರಸ ಕದಡುತ್ತದೆ. ಒಂದು ಬಟ್ಟಲು ರಸಕ್ಕೆ ಮುಕ್ಕಾಲು ಬಟ್ಟಲು ಸಕ್ಕರೆಯಂತೆ ಬೆರೆಸಿ, ದೊಡ್ಡ ಉರಿಯಲ್ಲಿ ಬೇಯಿಸಬೇಕು. ಸೌಟಿನಿಂದ ಬೀಳುವ ರಸವು ಹನಿಹನಿಯಾಗಿ ಬೀಳದೆ ಎರಡು ಹನಿಗಳು ಕೂಡಿ ಹಾಳೆಯಂತೆ ಜಾರಿದಾಗ ಇಳಿಸಿ ಬಿಸಿಯಿರುವಾಗಲೇ ಸೀಸೆಗೆ ತುಂಬಬೇಕು. ಕೆನ್ನೇರಳೆಯ ಅಂದವಾದ ಬಣ್ಣ ಬರುತ್ತದೆ. ಶ್ರೀಲಂಕೆಯಲ್ಲಿ ದಿವುಲ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಇದೇ ಹಣ್ಣಿನ ಜಾಮು ಮತ್ತು ಪಾನೀಯಗಳು ಸೀಸೆಗಳಲ್ಲಿ ಅಂಗಡಿಗಳಿಗೆ ಬರುತ್ತವೆ. ಅಲ್ಲಿ ಮರ್ಯಾದೆ ಪಡೆದ ಹಣ್ಣು ಇಲ್ಲಿ ಮರದ ಕೆಳಗೆ ಕೊಳೆಯಬೇಕಾಗಿಲ್ಲ.

ಬೇಲದ ಹಣ್ಣಿನಲ್ಲಿ ಪಿಷ್ಟ ಸಕ್ಕರೆಗಳ ಜೊತೆಗೆ ಸುಣ್ಣ ಮತ್ತು ರಂಜಕದ ಅಂಶಗಳು ಗಣನೀಯವಾಗಿವೆ, ನಾರೂ ಇದೆ. ನಿಂಬೆಯ ಬಂಧುವಾದರೂ ಸಿ ಜೀವಸತ್ವವು ಇದರಲ್ಲಿ ಅಲ್ಪವೆಂಬುದನ್ನು ಮಕ್ಕಳಿಗೆ ಹೇಳಬೇಕು. ಬಂಧುತ್ವದಿಂದ ಗುಣವನ್ನು ಊಹಿಸಬಾರದೆಂಬ ಪಾಠವೂ ಅದರಲ್ಲಿದೆ. ಕಾಯಿಯು ಒಗರಾದುದರಿಂದ ಮಲವನ್ನು ಕಟ್ಟುತ್ತದೆ. ಒಮ್ಮೆಗೆ ಹೆಚ್ಚು ತಿನ್ನುವುದು ತರವಲ್ಲ. ಔಷಧಿಯಾಗಿ ಬಳಸುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಶಾಲೆ ಮಾಡಬಹುದಾದುದು

ಇನ್ನು ಕಾರ್ಯದ ಮಾತು. ಶ್ರೀಮಠದ ಆಶ್ರಯದಲ್ಲಿ ನಡೆಯುವ ನಮ್ಮಂತಹ ಶಾಲೆಗಳಿಗೆ ಬೇರೆಡೆ ದೊರೆಯದ ಎರಡು ಅನುಕೂಲಗಳುಂಟು: ಒಂದು, ಬಿಡುವಾದ ಅಂಗಳ, ಇನ್ನೊಂದು, ನೂರಾರು ಮಕ್ಕಳು ಒಟ್ಟಿಗೆ ಕುಳಿತು ಉಣ್ಣುವ ಪ್ರಸಾದನಿಲಯ. ಮೊದಲನೆಯದರಲ್ಲಿ ಬೇಲವನ್ನು ಬೆಳೆಸಬಹುದು. ಎರಡನೆಯದರಲ್ಲಿ ಅದನ್ನು ಮತ್ತೆ ನಾಲಗೆಗೆ ಪರಿಚಯಿಸಬಹುದು. ವರ್ಷಕ್ಕೆ ಒಂದು ದಿನ ಊಟದ ಜೊತೆಗೆ ಬೇಲದ ಪಾನಕವನ್ನೋ ಗೊಜ್ಜನ್ನೋ ಬಡಿಸಿದರೆ, ಆ ರುಚಿಯು ಇಲ್ಲಿಂದ ನೂರಾರು ಮನೆಗಳಿಗೆ ಹೋಗುತ್ತದೆ. ಬೇಕೆನ್ನುವ ಮಕ್ಕಳಿದ್ದರೆ ತರುವ ತಂದೆಯಿದ್ದೇ ಇರುತ್ತಾನೆ. ಕೊಳ್ಳುವವರಿದ್ದರೆ ಮರವನ್ನು ಉಳಿಸುವ ರೈತನೂ ಇದ್ದೇ ಇರುತ್ತಾನೆ.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇದು: ಈ ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ಉಳಿದಿರುವ ಬೇಲದ ಮರಗಳನ್ನು ಎಣಿಸಿ, ಯಾವ ಹೊಲದಲ್ಲಿದೆ, ಹಣ್ಣು ಸಿಹಿಯೋ ಹುಳಿಯೋ, ದೊಡ್ಡದೋ ಚಿಕ್ಕದೋ ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ತರಲಿ. ಎಲ್ಲ ಊರುಗಳ ಪಟ್ಟಿಯನ್ನು ಒಂದುಗೂಡಿಸಿದರೆ ಯಾವ ಮರದ ಕಡ್ಡಿಯನ್ನು ಮೊದಲು ಕಸಿಗೆ ತರಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಗಳು ದೂರದ ನಗರಗಳಲ್ಲಿದ್ದರೂ ಅವರ ಊರಿನ ಹೊಲಗಳು ಇಲ್ಲಿಯೇ ಇವೆ. ಬದುವಿನ ಮರವನ್ನು ಕಡಿಯುವ ಮಾತು ಬಂದಾಗ ಒಂದು ಋತುವಿನ ಕಾಲ ತಡೆದು ಶಾಲೆಗೆ ತಿಳಿಸಿದರೆ ಸಾಕು. ದಾನಿಗಳು ಕಟ್ಟಡಕ್ಕೆ ಕೊಡುವ ಔದಾರ್ಯದಲ್ಲಿ ಒಂದು ಕಿಂಚಿತ್ ಭಾಗವನ್ನು ಹತ್ತು ಕಸಿಗಿಡಗಳಿಗೂ ಅವುಗಳ ಬೇಲಿಗೂ ಮುಡಿಪಿಟ್ಟರೆ, ಅವರ ಹೆಸರಿನ ಫಲಕವು ಮಾಸಿದ ಮೇಲೂ ಆ ಮರಗಳು ಫಲ ಕೊಡುತ್ತಿರುತ್ತವೆ.

ಹದಿನಾರು ವರ್ಷ ಕಾದು ಹುಳಿ ಹಣ್ಣನ್ನು ತಿಂದವನಾದ ನಾನು ಆ ಎರಡು ಮರಗಳನ್ನು ಕಡಿದಿಲ್ಲ. ಅವುಗಳ ಹಣ್ಣು ಪಾನಕಕ್ಕೂ ಗೊಜ್ಜಿಗೂ ಚೆನ್ನಾಗಿ ಒದಗುತ್ತದೆ. ಅವುಗಳ ಬೀಜದಿಂದ ಎಬ್ಬಿಸಿದ ಸಸಿಗಳು ಬೇರುಗಿಡಗಳಾಗಿ ಈಗ ಶಾಲೆಯ ಹಿಂಬದಿಯ ನೆರಳಿನಲ್ಲಿ ಚೀಲಗಳಲ್ಲಿ ಸಿದ್ಧವಾಗಿವೆ. ತರಗತಿಯಲ್ಲಿ ಹಣ್ಣನ್ನು ತಿಂದು ಬಲ್ಲೆನೆಂದ ಆ ಬಾಲಿಕೆಯು ತನ್ನ ಅಜ್ಜಿಯ ಊರಿನ ಮರದ ಹಣ್ಣು ಸಿಹಿಯೆಂದು ಹೇಳಿದ್ದಾಳೆ. ಸೆಪ್ಟೆಂಬರ್ ಮಳೆಗೆ ಮುಂಚೆ ಆ ಮರದ ಕಡ್ಡಿಗಳನ್ನು ತರಬೇಕಾಗಿದೆ.